ಮೂರು ತಾಲೂಕಿಗೆ ಎರಡು ಗಾಲಿ

ಗಾಡಿಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಯಾರ್ಯಾರ ಅಂಗಳದಲ್ಲಿ ಅದು ನಿಂತಿದೆ ಎಂದು ನಿಮಗೆ ಗೊತ್ತಾಗಿಬಿಡುತ್ತದೆ. ಆಮೇಲೆ ನನ್ನ ಹೊಲಿಗೆ ಅಂಗಡಿಗೆ ಒಂದು ಬ್ಲೌಸ್ ಪೀಸೂ ಬರುವುದಿಲ್ಲ. ಈಗಲೇ ಕಡಿಮೆಯಾಗಿವೆ. ಇಷ್ಟು ಮಾತ್ರ ಹೇಳುತ್ತೇನೆ: ಕಂಪನಿಯವರು ಆ ಮಾಡೆಲ್ ನಿಲ್ಲಿಸಿ ವರ್ಷಗಳಾದವು, ಹೊಸದು ಎಲ್ಲೂ ಸಿಗುವುದಿಲ್ಲ, ಆದರೂ ನಮ್ಮ ಕಡೆ ಹಳೆಯದಕ್ಕೇ ಜನ ಕಾದು ಕೂರುತ್ತಾರೆ. ಯಾಕೆಂದರೆ ಆ ಗಾಡಿಗೆ ಒಂದು ಹೆಸರಿದೆ. ಪಾಸಿಂಗಿನಲ್ಲಿ ಅದು ಎಂದೂ ಫೇಲಾಗುವುದಿಲ್ಲ.

ಹದಿನೈದು ವರ್ಷ ತುಂಬಿದ ಬೈಕನ್ನು ಮೈದಾನದಲ್ಲಿ ಆರ್‌ಟಿಓ ಸಾಹೇಬರ ಮುಂದೆ ನಿಲ್ಲಿಸಿ, ಇದು ಇನ್ನೂ ರಸ್ತೆಯ ಮೇಲೆ ಓಡಲು ಲಾಯಕ್ಕು ಎಂದು ಹೇಳಿಸಿಕೊಂಡು ಬರಬೇಕಲ್ಲ, ಅದೇ ಪಾಸಿಂಗ್. ಪಾಸಾದರೆ ಮತ್ತೆ ಐದು ವರ್ಷ ಯಾರೂ ಕೇಳುವುದಿಲ್ಲ. ನಮ್ಮವರು ಇದಕ್ಕೆ ‘ಗಾಡಿ ತೋರಸೂದು’ ಎನ್ನುತ್ತಾರೆ, ಹೆಣ್ಣು ತೋರಿಸುವ ಹಾಗೆ. ಆ ಮಾತು ಎಷ್ಟು ಸರಿಯಾಗಿದೆ ಎಂದು ನನಗೆ ಗೊತ್ತಾಗಿದ್ದು ತಡವಾಗಿ.

ನನ್ನ ಗಂಡ ಬೇಕರಿ ಮಾಲು ಹಾಕುವವರು. ಬೆಳಿಗ್ಗೆ ಬ್ರೆಡ್ಡು, ಬನ್ನು, ಟೋಸ್ಟು, ಖಾರಿ ತುಂಬಿದ ಎರಡು ಚೀಲಗಳನ್ನು ಗಾಡಿಯ ಎರಡೂ ಬದಿ ಇಳಿಬಿಟ್ಟು, ಹಿಂದಿನ ಸೀಟಿಗೆ ಒಂದು ದೊಡ್ಡ ಡಬ್ಬ ಕಟ್ಟಿಕೊಂಡು ಶಿರಸಿಯಿಂದ ಸಿದ್ದಾಪುರದ ಕಡೆ ಹೊರಡುತ್ತಾರೆ. ಬಿಳಗಿ, ಹೆಗ್ಗರಣೆ, ನಡುವಿನ ಕ್ರಾಸುಗಳ ಚಹಾದಂಗಡಿಗಳಿಗೆಲ್ಲ ಹಾಕಿ ತಿರುಗಿ ಬರುವಾಗ ಊಟದ ಹೊತ್ತು ಮೀರಿರುತ್ತದೆ. ಆ ರಸ್ತೆ ಬಲ್ಲವರಿಗೆ ಗೊತ್ತು. ಏರಿದರೆ ಇಳಿಯಬೇಕು, ಇಳಿದರೆ ತಿರುಗಬೇಕು, ತಿರುವಿನಾಚೆ ಬಸ್ಸು ಬರುತ್ತಿದೆಯೋ ಎಮ್ಮೆ ನಿಂತಿದೆಯೋ ದೇವರಿಗೇ ಗೊತ್ತು. ಅವರು ಬಂದು ಗೇಟು ತೆಗೆಯುವ ತನಕ ನನ್ನ ಕೈ ಮಷೀನಿನ ಮೇಲಿದ್ದರೂ ಕಿವಿ ಬೀದಿಯಲ್ಲಿರುತ್ತದೆ. ಮದುವೆಯಾದಾಗಿನಿಂದ ನನಗಿರುವುದು ಇದೊಂದೇ ಹೆದರಿಕೆ.

ಅದಕ್ಕೇ ಗಾಡಿ ಕೊಳ್ಳುವಾಗ ನಾನು ಸುಮ್ಮನಿರಲಿಲ್ಲ. ವರ ಹುಡುಕುವವರು ವಿಚಾರಿಸುವ ಹಾಗೆ ವಿಚಾರಿಸಿದೆ. ಅಳತೆ ಕೊಡಲು ಬಂದವರನ್ನೆಲ್ಲ ಕೇಳಿದೆ: ನಿಮ್ಮ ಮನೆಯ ಗಾಡಿ ಯಾವುದು, ಹೆಂಗಿದೆ, ತೋರಿಸುವಾಗ ಏನಾಯಿತು. ಬೇರೆ ಮಾಡೆಲಿನವರು ಒಂದೊಂದು ಕಥೆ ಹೇಳಿದರು. ಒಬ್ಬರದು ಬ್ರೇಕ್ ಹಿಡಿಯಲಿಲ್ಲವೆಂದು ವಾಪಸು ಕಳಿಸಿದರಂತೆ, ಇನ್ನೊಬ್ಬರದು ಟೈರು ಬೋಳಾಯಿತೆಂದು. ಈ ಮಾಡೆಲಿನವರು ಮಾತ್ರ ಒಂದೇ ಬಾಯಲ್ಲಿ ಹೇಳಿದರು. ಬಿಳಗಿಯ ಕಡೆಯ ಒಬ್ಬಾಕೆಯಂತೂ ನನ್ನ ಪ್ರಶ್ನೆಗೇ ನಕ್ಕಳು. "ಅದು ಫೇಲಾಗೂದು ಅಂತ ಇರ್ತದಾ ಮಾರಾಯ್ತಿ? ನಮ್ಮ ಭಾವಂದೂ ಪಾಸು, ಮಾವಂದೂ ಪಾಸು." ಇಷ್ಟು ಜನ ಒಂದೇ ಮಾತು ಹೇಳಿದ ಮೇಲೆ ಇನ್ನೇನು ಬೇಕು? ತಗೊಳ್ಳಿ ಎಂದೆ. ಅದನ್ನು ಕೇಳಿ ಯಲ್ಲಾಪುರದಲ್ಲಿರುವ ನನ್ನ ತಮ್ಮನೂ ಅದೇ ಮಾಡೆಲಿನದೊಂದನ್ನು ಹುಡುಕಿ ತಗೊಂಡ. ಅವನು ಗ್ಯಾಸಿನ ಒಲೆ, ಕುಕ್ಕರು ರಿಪೇರಿ ಮಾಡುವವನು. ಅರಬೈಲು ಘಟ್ಟ ಇಳಿದು ಕೆಳಗಿನ ಹಳ್ಳಿಗಳಿಗೂ ಹೋಗುತ್ತಾನೆ. ಅಕ್ಕನೂ ತಮ್ಮನೂ ಒಂದೇ ಗಾಡಿ ಎಂದು ನಾವು ಬನವಾಸಿ ಕಡೆಯ ನಮ್ಮ ತವರಿನಲ್ಲಿ ಹೇಳಿಕೊಂಡು ಮೆರೆದೆವು.

ನಮ್ಮ ಗಾಡಿಗೆ ಹದಿನೈದು ತುಂಬಿತು. ತೋರಿಸುವ ಹಿಂದಿನ ದಿನ ಗಂಡ ಮಾಲು ಹಾಕಿ ಬಂದವರು ಮತ್ತೆ ಎಲ್ಲಿಗೋ ಹೋದರು. ಸಂಜೆ ಬಂದಾಗ ಗಾಡಿ ಗುರುತೇ ಸಿಗದಂತಿತ್ತು. ಟೈರಿನ ಹಲ್ಲು ಬೆರಳಿಗೆ ಚುಚ್ಚುವಷ್ಟು ಚೂಪಾಗಿತ್ತು. ಗಾಲಿಯ ನಡುವಿನ ಗುಂಬದ ಮೇಲೆ ಅರಿಸಿನ, ಕುಂಕುಮ ಒಣಗಿ ಪದರ ಕಟ್ಟಿತ್ತು.

"ಏನ್ರೀ ಇದು, ಮದುಮಗಳಾಗೇತಿ?" ಎಂದೆ.

"ಸರ್ವೀಸ್ ಮಾಡಿಸೀನಿ," ಎಂದರು. ಕುಂಕುಮ ನೋಡಿ, ಹಾದಿಯಲ್ಲಿ ದೇವಸ್ಥಾನಕ್ಕೂ ಹೋಗಿ ಬಂದಿದ್ದಾರೆ ಎಂದುಕೊಂಡೆ. ನನ್ನ ಪಾಲಿಗೆ ಒಂದು ಲಿಂಬೆಹಣ್ಣು ಇಳಿಸಿ, ಗಾಲಿಯ ಕೆಳಗಿಟ್ಟು, ಮುಂದಕ್ಕೆ ಹತ್ತಿಸಲು ಹೇಳಿದೆ.

ಮರುದಿನ ಊಟದ ಹೊತ್ತಿಗೆ ಫೋನು ಬಂತು. ಪಾಸು. ಶಿವನೇ ನೀನಿದ್ದೀಯಪ್ಪಾ ಎಂದು ಕೈಮುಗಿದೆ. ಇನ್ನು ಐದು ವರ್ಷ ನನ್ನ ಗಂಡನ ಗಾಡಿ ಗಟ್ಟಿ ಎಂದು ಸರಕಾರವೇ ಹೇಳಿದ ಮೇಲೆ ನಾನ್ಯಾಕೆ ಬೀದಿಗೆ ಕಿವಿ ಕೊಟ್ಟು ಕೂರಲಿ? ಆ ಖುಷಿಗೆ ಶಾವಿಗೆ ಪಾಯಸ ಮಾಡಿದೆ. ಅಷ್ಟರಲ್ಲಿ ತಮ್ಮನೂ ಬಂದ. ತನ್ನ ಗಾಡಿ ಬಿಟ್ಟು ಬಸ್ಸಿನಲ್ಲಿ ಬಂದಿದ್ದ, ಕೈಯಲ್ಲಿ ಮಡಚಿದ ಅಡಿಕೆ ಗೋಣಿಚೀಲವಿತ್ತು. "ಪಾಸಾತಂತಲ್ಲ ಅಕ್ಕಾ!" ಎನ್ನುತ್ತ ನನಗಿಂತ ಹೆಚ್ಚು ಹಿಗ್ಗಿದ. ಭಾವನ ಗಾಡಿ ಪಾಸಾಯಿತೆಂದು ಯಲ್ಲಾಪುರದಿಂದ ಬಸ್ಸು ಹತ್ತಿ ಬರುವ ತಮ್ಮ ಎಷ್ಟು ಜನಕ್ಕಿದ್ದಾನೆ ಎಂದುಕೊಂಡು ಎರಡೆರಡು ಸಲ ಪಾಯಸ ಬಡಿಸಿದೆ.

ಬಟ್ಟಲು ತೊಳೆದು ಹೊರಗೆ ಬಂದರೆ, ಗಾಡಿ ಎರಡು ಕಲ್ಲುಗಳ ಮೇಲೆ ಕುಳಿತಿದೆ. ಮುಂದಿನ ಗಾಲಿ ಇಲ್ಲ. ಗಂಡ ಮಂಡಿಯೂರಿ ಹಿಂದಿನದರ ನಟ್ಟು ಬಿಚ್ಚುತ್ತಿದ್ದಾರೆ, ತಮ್ಮ ಗೋಣಿಚೀಲದ ಬಾಯಿ ಅಗಲಿಸಿ ಹಿಡಿದಿದ್ದಾನೆ.

"ಯಾಕ್ರೀ, ಪಂಚರ್ ಆತೇನು?"

"ಇಲ್ಲ," ಎಂದರು ಗಂಡ, ತಲೆ ಎತ್ತದೆ. "ಇವಂಗ ಕೊಡಬೇಕು."

"ಏನ್ ಕೊಡಬೇಕು?"

"ಗಾಲಿ."

ನಾನು ತಮ್ಮನ ಮುಖ ನೋಡಿದೆ. ಅವನು ತಮಾಷೆಗೆ ನಗುತ್ತಿಲ್ಲ, ಸಹಜವಾಗಿ ನಗುತ್ತಿದ್ದಾನೆ. "ನಾಡಿದ್ದ ನಂದು ತೋರಸೂದೈತಿ ಅಕ್ಕಾ. ಈಗ ನನ್ನ ಪಾಳಿ."

ಆಮೇಲೆ ಅವನೇ ಎಲ್ಲ ಹೇಳಿದ. ಗುಟ್ಟು ಎಂದು ಅಲ್ಲ, ಊರ ಹೆಮ್ಮೆ ಎನ್ನುವ ಹಾಗೆ ಹೇಳಿದ. ಭೈರುಂಬೆಯ ಕಡೆ ಯಾರದೋ ಗಾಡಿ ಇದೇ ಮಾಡೆಲಿನದು, ಹೆಚ್ಚು ಓಡಿಸದೆ ಕೊಟ್ಟಿಗೆಯಲ್ಲಿ ನಿಂತಿತ್ತಂತೆ. ಕೊಟ್ಟಿಗೆಯ ಮಾಡು ಕುಸಿದು ಗಾಡಿ ಮುರಿದರೂ ಗಾಲಿ ಎರಡೂ ಹೊಸದರಂತೆ ಉಳಿದವಂತೆ, ಒಳಗಿನ ಬ್ರೇಕ್ ಸಮೇತ. ಪಾಸಿಂಗ್ ಇದ್ದ ನೆಂಟನೊಬ್ಬ ಒಂದು ದಿನದ ಮಟ್ಟಿಗೆ ಕೇಳಿ ಒಯ್ದ. ಅವನಿಂದ ಇನ್ನೊಬ್ಬ. ಈಗ ಅವು ಭೈರುಂಬೆಗೆ ತಿರುಗಿ ಹೋಗುವುದೇ ಇಲ್ಲ, ಮೂರು ತಾಲೂಕಿನಲ್ಲಿ ಸುತ್ತುತ್ತಲೇ ಇರುತ್ತವೆ. ಯಾರದು ಮುಗಿಯಿತು, ಮುಂದೆ ಯಾರಿಗೆ ಎನ್ನುವುದನ್ನು ಹೆಗ್ಗರಣೆಯ ಒಬ್ಬ ಹಿರಿಯರು ಬಾಯಲ್ಲೇ ಹೇಳಿಕಳಿಸುತ್ತಾರೆ. ದುಡ್ಡು ಮುಟ್ಟುವ ಹಾಗಿಲ್ಲ. ಮದುವೆ ಮನೆಗೆ ಒಯ್ದ ಹಂಡೆಯನ್ನು ಬೆಳಗಿ ಕೊಡುವ ಹಾಗೆ ಗಾಲಿ ಒರೆಸಿ, ಎಣ್ಣೆ ಬಿಟ್ಟು, ಅರಿಸಿನ ಕುಂಕುಮ ಹಚ್ಚಿ, ಒಂದು ತೆಂಗಿನಕಾಯಿ ಜೊತೆಗಿಟ್ಟು ಮುಂದಿನವನಿಗೆ ದಾಟಿಸಬೇಕು. ತಡ ಮಾಡಬಾರದು.

"ಅಂದ್ರ," ಎಂದೆ, "ಇಲ್ಲೀತನಕ ಪಾಸಾದ ಗಾಡಿ ಎಲ್ಲಾ…"

"ಎಲ್ಲಾ ಇವೇ ಗಾಲಿ ಮ್ಯಾಲೆ ಅಕ್ಕಾ!"

ನನಗೆ ಯಾರೂ ಸುಳ್ಳು ಹೇಳಿರಲಿಲ್ಲ. ಬಿಳಗಿಯ ಆಕೆಯ ಭಾವನೂ ಪಾಸು, ಮಾವನೂ ಪಾಸು, ನಿಜವೇ. ಆದರೆ ಪಾಸಾದದ್ದು ಗಾಡಿಗಳಲ್ಲ. ಇಷ್ಟು ವರ್ಷ, ಇಷ್ಟು ಅಂಗಳಗಳಲ್ಲಿ, ಒಂದೇ ಜೋಡಿ ಗಾಲಿ ಸಾಹೇಬರ ಮುಂದೆ ಹೋಗಿ ಹೋಗಿ ಪಾಸಾಗಿ ಬರುತ್ತಿತ್ತು. ಹೊರಗೆ ಥಳಕು ಒಳಗೆ ಹುಳುಕು ಎನ್ನುತ್ತಾರಲ್ಲ, ಇಲ್ಲಿ ಥಳಕೂ ಎರವಲು. ನಾನು ಬಟ್ಟೆ ತಗೊಂಡರೆ ಒಳಮೈ ತಿರುವಿ ನೋಡದೆ ಕತ್ತರಿ ಹಾಕುವವಳಲ್ಲ. ನನ್ನ ಗಂಡನ ಜೀವ ಹೊತ್ತು ತಿರುಗುವ ಗಾಡಿಯ ಒಳಮೈ ಮಾತ್ರ ಯಾರೂ ನನಗೆ ತೋರಿಸಿರಲಿಲ್ಲ.

ಬಡತನವಾಗಿದ್ದರೆ ಅರ್ಥವಾಗುತ್ತಿತ್ತು. ಬಡತನವೂ ಅಲ್ಲ. ಹುಬ್ಬಳ್ಳಿಯಲ್ಲಿ ಹುಡುಕಿದರೆ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕರೆ ಸಿಕ್ಕೀತು ಎಂದು ಗಂಡನೇ ಹೇಳಿದರು. "ಮತ್ತ ಹುಡುಕಲಿಲ್ಲ ಯಾಕ?" ಎಂದರೆ, "ಒಂದ ದಿನದ ಕೆಲಸಕ್ಕ ಅಷ್ಟ್ ದೂರ ಯಾರ್ ಹೋಗ್ತಾರ? ಕೈಯಾಗ ಇರೂ ಗಾಲಿ ಇತ್ತಲ್ಲ," ಎಂದರು. ಒಂದು ದಿನದ ಕೆಲಸ! ಅವರ ಪಾಲಿಗೆ ಬ್ರೇಕ್ ಎನ್ನುವುದು ತೋರಿಸುವ ದಿನ ಬೇಕಾಗುವ ಒಡವೆ.

ಗಂಡ ಬಚ್ಚಲಿನ ಹಿಂದಿನಿಂದ ನಮ್ಮ ಸ್ವಂತ ಗಾಲಿಗಳನ್ನು ಉರುಳಿಸಿಕೊಂಡು ಬಂದರು. ನಾನು ಅವುಗಳನ್ನು ಮೊದಲ ಸಲ ಬಗ್ಗಿ ನೋಡಿದ್ದು ಆಗ. ಟೈರು ನನ್ನ ಅಂಗೈಯಷ್ಟು ನುಣ್ಣಗಿತ್ತು. ತಮ್ಮ ಒಳಭಾಗ ತೋರಿಸಿದ. ಬ್ರೇಕಿನ ಪಟ್ಟಿ ಸವೆದು ಕಬ್ಬಿಣ ಕಾಣುತ್ತಿತ್ತು, ಅದು ಉಜ್ಜುವ ಒಳಗೋಡೆಯೂ ಹಳೆಯ ಒರಳಿನಂತೆ ತಗ್ಗುಬಿದ್ದಿತ್ತು. "ಪಟ್ಟಿ ಹೊಸದ ಹಾಕಿದ್ರೂ ಹಿಡಿಯಂಗಿಲ್ಲ ಅಕ್ಕಾ, ಒಳಗ ಸವದೈತಿ," ಎಂದು ವಿವರಿಸಿದ, ಯಾರದೋ ಕುಕ್ಕರಿನ ರಬ್ಬರು ಹೋಗಿದೆ ಎನ್ನುವಷ್ಟು ನಿರಾಳವಾಗಿ.

"ಇದರ ಮ್ಯಾಲೆ ನೀವು ದಿನಾ ಹೆಗ್ಗರಣೆಗೆ ಹೋಗ್ತೀರಿ?"

"ಹೊಂದಿಕೊಂಡೀನಿ ಬಿಡ," ಎಂದರು ಗಂಡ. ನನ್ನ ಸಿಟ್ಟು ನೋಡಿ ಸ್ವಲ್ಪ ಮೆತ್ತಗಾಗಿ, "ಗಾಡಿಗೂ ನಂಗೂ ಒಂದ ಲೆಕ್ಕ ಐತಿ. ನಿಂಗ ತಿಳಿಯಂಗಿಲ್ಲ," ಎಂದರು.

"ತಿಳಸ್ರಿ ಹಂಗಾರ. ಆ ಗಾಲಿ ಹಾಕ್ರಿ. ನಾ ಹಿಂದ ಕೂಡ್ತೀನಿ. ಪೇಟಿ ತನಕ ಇಳೀರಿ, ನೋಡೂಣು."

ಬೇಡವೆಂದರು. ಹುಚ್ಚಿ ಎಂದರು. ನಾನು ಸೆರಗು ಸಿಕ್ಕಿಸಿಕೊಂಡು ನಿಂತೇ ಇದ್ದೆ. ಕಡೆಗೆ ಗಾಲಿ ಹಾಕಿದರು. ನಮ್ಮ ಮನೆಯಿಂದ ಪೇಟೆಗೆ ಒಂದು ಉದ್ದ ಇಳಿಜಾರು, ಕೆಳಗೆ ಮುಖ್ಯ ರಸ್ತೆ. ಹೊರಟೆವು. ಗಾಡಿ ವೇಗ ಹಿಡಿಯುತ್ತಿದ್ದಂತೆ ನಾನು ಅವರ ಅಂಗಿ ಬಿಗಿಯಾಗಿ ಹಿಡಿದೆ. ಅವರು ಬ್ರೇಕ್ ಒತ್ತಿದರು, ಏನೋ ಕಿರ್ರೆಂದಿತು, ಗಾಡಿ ನಿಲ್ಲಲಿಲ್ಲ. ಆಗ ಅವರು ಎರಡೂ ಕಾಲು ಕೆಳಗೆ ಚಾಚಿದರು. ಚಪ್ಪಲಿ ಡಾಂಬರಿನ ಮೇಲೆ ಕರ್ರೋ ಎಂದು ಎಳೆಯತೊಡಗಿತು. ಅಷ್ಟೂ ಹೊತ್ತು ಅವರು ಮಾತಾಡುತ್ತಲೇ ಇದ್ದರು! ನಾಳೆ ಬಿಳಗಿಯ ಅಂಗಡಿಯವರು ಖಾರಿ ಜಾಸ್ತಿ ಕೇಳಿದ್ದಾರೆ ಎಂದು ಹೇಳುತ್ತಿದ್ದರು. ಬೇರೆಯವರು ಕೈಯಿಂದ ನೊಣ ಓಡಿಸುತ್ತ ಮಾತಾಡುವ ಹಾಗೆ ನನ್ನ ಗಂಡ ಕಾಲಿನಿಂದ ಗಾಡಿ ನಿಲ್ಲಿಸುತ್ತ ಮಾತಾಡುತ್ತಿದ್ದರು. ಮುಖ್ಯ ರಸ್ತೆಗೆ ಸ್ವಲ್ಪ ಮೊದಲು ಗಾಡಿ ನಿಂತಿತು. ಎದುರಿಗೆ ಒಂದು ಲಾರಿ ಹಾದುಹೋಯಿತು.

"ನೋಡಿದ್ಯಾ? ನಿಂತಿಲ್ಲೇನು?" ಎಂದರು.

ಬೇಕರಿ ಮಾಲು ತುಂಬಿಕೊಂಡು, ತಿರುವುಗಳಲ್ಲಿ, ಮಂಜಿನಲ್ಲಿ, ಇಷ್ಟು ದಿನ ಹೀಗೇ. ನಾನು ಕಾಜಾ ಹೊಲಿಯುತ್ತ ಕೂತಿದ್ದಾಗಲೆಲ್ಲ ಅವರು ಕಾಲು ಚಾಚಿ ಎಲ್ಲೋ ಒಂದು ಇಳಿಜಾರಿನಲ್ಲಿ ಜಾರುತ್ತಿದ್ದರು. ಗಾಡಿಯಿಂದಿಳಿದು ಬಿರಬಿರನೆ ನಡೆದು ಮನೆಗೆ ಬಂದೆ. ತಮ್ಮ ಅಂಗಳದಲ್ಲಿ ಗೋಣಿಚೀಲಕ್ಕೆ ಹಗ್ಗ ಬಿಗಿಯುತ್ತಿದ್ದ. ಚೀಲ ಕಸಿದುಕೊಂಡು ದರದರ ಎಳೆದು, ಹೊಲಿಗೆ ಕೋಣೆಯೊಳಗೆ ದೂಡಿ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಗಾಲಿ ಕೊಡಂಗಿಲ್ಲ," ಎಂದೆ. "ಅವು ನಿಮ್ಮ ಭಾವನ ಗಾಡಿಗೇ ಇರ್ತಾವ."

ತಮ್ಮ ಮೊದಲು ನಕ್ಕ. ಆಮೇಲೆ ನನ್ನ ಮುಖ ನೋಡಿ ಗಾಬರಿಯಾದ. "ಅಕ್ಕಾ, ಹಂಗಂದ್ರ ಹೆಂಗ? ಎರವಲ ತಂದದ್ದು ಅದು. ಇಟ್ಕೊಂಡ್ರ ನಾಳೆ ಯಾರ ಮುಖ ನೋಡೂದು? ನಾಡಿದ್ದ ನಂದ ಐತಿ ಅಲ್ಲಾ!"

"ನಿನ್ನ ಗಾಡಿ ಬ್ರೇಕ್ ಹೆಂಗೈತಿ?"

ಅವನು ನೆಲ ನೋಡಿದ.

"ಹೇಳೋ. ಅರಬೈಲ್ ಹೆಂಗ ಇಳಿತೀ?"

"ಒಂದನೇ ಗೇರಿನಾಗ," ಎಂದ. "ಮುಂದ ಒಂದ್ ದೊಡ್ಡ ಲಾರಿ ನೋಡ್ಕೊಂಡ್ ಅದರ ಬೆನ್ನಿಗೇ ಇಳಿತೀನಿ. ಅದು ನಿಧಾನ ಹೊಕ್ಕೈತಿ, ನಾನೂ ನಿಧಾನ."

"ಲಾರಿ ಗಕ್ಕನ ನಿಂತ್ರ?"

"ಯಾಕ ನಿಂದರತೈತಿ ಅಕ್ಕಾ?"

ಯವ್ವಾ! ನಾನು ಎತ್ತಿ ಆಡಿಸಿದ ಮಗು ಅದು. ಮನೆಯಲ್ಲಿ ಅವನ ಹೆಂಡತಿ, ತೊಟ್ಟಿಲ ಕೂಸು. ಬಾಯಿಗೆ ಬಂದಂತೆ ಬೈದೆ. ನಿನ್ನ ಬುದ್ಧಿಗೆ ಮಣ್ಣು ಹಾಕ, ನಾಚಿಕಿ ಇಲ್ಲೇನು, ನಿನ್ನ ಕೂಸಿನ ಮುಖ ನೋಡಿ ಹೊರಡ್ತೀಯೋ ಹಂಗೇ ಹೊರಡ್ತೀಯೋ ಎಂದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿ, ಕಡೆಗೆ ಒಂದೇ ಮಾತು ಹೇಳಿದ: "ಬೈಯವ್ವ, ಎಷ್ಟರ ಬೈ. ಗಾಲಿ ಕೊಡು. ಇಲ್ಲಾಂದ್ರ ನಾ ಫೇಲಾಗ್ತೀನಿ."

"ಆಗು!" ಎಂದು ಕಿರುಚಿದೆ. "ಫೇಲಾಗು. ಫೇಲಾಗಿ ಆ ಗಾಡಿ ಮನಿಮುಂದ ನಿಲ್ಲಸು. ಬಸ್ಸಿನಾಗ ಹೋಗಿ ಕುಕ್ಕರ್ ರಿಪೇರಿ ಮಾಡು. ಹುಬ್ಬಳ್ಳಿಗೆ ಹೋಗಿ ಸಾಮಾನು ಹುಡುಕು. ಸಾಹೇಬ್ರು ಒಲ್ಲೆ ಅಂದ್ರ ನೀ ಬದುಕ್ತೀ."

"ತವರಮನಿಯವಂಗ ಎರಡ್ ಗಾಲಿ ಕೊಡಲಾರದಾಕಿ ನೀ," ಎಂದ. ಚಹಾ ಮಾಡಲು ಹೊರಟರೆ ಬೇಡವೆಂದ. ಖಾಲಿ ಕೈಯಲ್ಲಿ ಬಸ್ ಸ್ಟ್ಯಾಂಡಿಗೆ ನಡೆದುಹೋದ. ನನ್ನ ಗಂಡ ಒಳಗೆ ಬಂದು, "ಮಾನ ಕಳದಿ ನೋಡ," ಎಂದರು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು.

ಮರುದಿನ ಮುಂಜಾನೆ, ಗಂಡ ಹೊರಡುವ ಮೊದಲೇ ನಾನೇ ಎದುರು ನಿಂತು ಒಳ್ಳೆಯ ಗಾಲಿ ಹಾಕಿಸಿ ಕಳಿಸಿದೆ. ಅವರು ಹೋದ ಮೇಲೆ ಹೆಗ್ಗರಣೆಯ ಆ ಹಿರಿಯರು ಮನೆಗೆ ಬಂದರು, ಸರದಿ ಹೇಳುವವರು. ಬಿಳಿ ಪಂಚೆ, ಹೆಗಲ ಮೇಲೆ ವಸ್ತ್ರ. ಜಗಳಕ್ಕೆ ಬಂದವರಲ್ಲ. ಜಗಲಿಯ ಮೇಲೆ ಕುಳಿತು, ಕೊಟ್ಟ ಮಜ್ಜಿಗೆ ಕುಡಿದು, ನೊಂದ ದನಿಯಲ್ಲಿ ಮಾತಾಡಿದರು.

"ನೋಡು ತಂಗೀ, ಇಷ್ಟು ವರ್ಷದಲ್ಲಿ ಜಾತಿ ನೋಡಿದ್ದಿಲ್ಲ, ಊರು ನೋಡಿದ್ದಿಲ್ಲ. ಕೇಳಿದವರಿಗೆಲ್ಲ ಕೊಟ್ಟಾಜು. ಯಲ್ಲಾಪುರದ ಸಾಯ್ಬ್ರ ಕೇರಿಗೂ ಹೋಯ್ದು, ಎಂಗಳ ಪೈಕಿಯವ್ರಿಗೂ ಹೋಯ್ದು. ಒಬ್ರಾದ್ರೂ ಇಟ್ಕಂಡದ್ದು ಇಲ್ಲೆ. ನೀನು ಎಂತಕ್ಕೆ ಹಿಂಗೆ ಮಾಡಿದೆ?"

ಅವರ ಮುಖ ನೋಡಿದರೆ ಪಾಪ ಅನ್ನಿಸುವಂತಿತ್ತು. ತಾವು ಒಳ್ಳೆಯ ಕೆಲಸ ಮಾಡುತ್ತಿದ್ದೇವೆಂದು ಮನಸಾರೆ ನಂಬಿದ್ದರು. ನಾನು ದನಿ ತಗ್ಗಿಸಿಯೇ ಕೇಳಿದೆ. "ಅಜ್ಜಾ, ಈ ಗಾಲಿ ಹಾಕಿ ಪಾಸಾಗಿ, ಬಿಚ್ಚಿ ಕೊಟ್ಟ ಮ್ಯಾಲೆ, ಯಾರಿಗರ ಏನರ ಆಗೇತೇನ್ರಿ?"

ಅವರು ಮಜ್ಜಿಗೆಯ ಲೋಟ ಪಕ್ಕಕ್ಕಿಟ್ಟರು. "ಬಿಳಗಿ ತಿರುವಲ್ಲಿ ಒಬ್ಬ ಹೋದ," ಎಂದರು. ಕೂಡಲೇ ಸೇರಿಸಿದರು: "ಆದ್ರೆ ಅದು ಗಾಡಿಯ ತಪ್ಪಲ್ಲ ಹೇಳಿ ಎಲ್ಲರಿಗೂ ಗೊತ್ತಿದ್ದು. ಪಾಸಾದ ಗಾಡಿ ಅದು. ಅವನ ಹಣೆಬರಹ."

ನಾನು ಅವರ ಎದುರೇ ಬಾಯಿಗೆ ಸೆರಗು ಒತ್ತಿಕೊಂಡೆ. ಪಾಸಾದ ಗಾಡಿ! ಆ ಮನುಷ್ಯ ಸತ್ತಾಗಲೂ ಯಾರೂ ಗಾಲಿಯ ಒಳಗೆ ಇಣುಕಿ ನೋಡಲಿಲ್ಲ. ಅವನ ಹೆಂಡತಿಯೂ ನನ್ನ ಹಾಗೇ ಲಿಂಬೆಹಣ್ಣು ಇಳಿಸಿರಬೇಕು, ಪಾಸಾಯಿತೆಂದು ಪಾಯಸ ಮಾಡಿರಬೇಕು. ಅವಳು ಈಗಲೂ ತನ್ನ ಹಣೆಬರಹವನ್ನೇ ಬೈದುಕೊಳ್ಳುತ್ತಿರಬೇಕು. ಹಿರಿಯರಿಗೆ ನಮಸ್ಕಾರ ಮಾಡಿ, ಗಾಲಿ ಕೊಡುವುದಿಲ್ಲ, ನನ್ನನ್ನು ಬೇಕಾದರೆ ಕಳ್ಳಿ ಎನ್ನಿ ಎಂದೆ. ಅವರು ಎದ್ದು, ವಸ್ತ್ರ ಕೊಡವಿ ಹೋದರು. ಸುದ್ದಿ ಮಾತ್ರ ಅವರಿಗಿಂತ ಮುಂದೆ ಹೋಯಿತು. ಸಂಜೆಯೊಳಗೆ ಇಬ್ಬರು ಬಂದು, ಹೊಲಿಯಲು ಕೊಟ್ಟ ಬಟ್ಟೆ ಹಾಗೇ ವಾಪಸು ಒಯ್ದರು.

ಹೋಗಲಿ ಬಿಡಿ. ನನಗೆ ಆಗ ಒಂದೇ ಚಿಂತೆ, ತಮ್ಮ ಫೇಲಾಗಬೇಕು. ಅವನು ತೋರಿಸುವ ದಿನ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಕೂತೆ. ಹುಟ್ಟಿದಾಗಿನಿಂದ ತಮ್ಮನ ಹೆಸರಿನಲ್ಲಿ ಎಷ್ಟೋ ಬೇಡಿಕೊಂಡಿದ್ದೇನೆ: ಜ್ವರ ಇಳಿಯಲಿ, ಪರೀಕ್ಷೆ ಪಾಸಾಗಲಿ, ಒಳ್ಳೆಯ ಹೆಣ್ಣು ಸಿಗಲಿ. ಅವನು ಸೋಲಲಿ ಎಂದು ಬೇಡಿಕೊಂಡದ್ದು ಅದೇ ಮೊದಲು. ಶಿವನೇ, ಸಾಹೇಬರು ಬಗ್ಗಿ ನೋಡಲಿ. ಟೈರು ಮುಟ್ಟಿ ನೋಡಲಿ. ಬ್ರೇಕ್ ಒತ್ತಿ ನೋಡಲಿ. ಒಲ್ಲೆ ಎನ್ನಲಿ. ಅವನು ಜೀವಮಾನವಿಡೀ ನನ್ನ ಜೊತೆ ಮಾತು ಬಿಟ್ಟರೂ ಚಿಂತೆಯಿಲ್ಲ ಎಂದೆ. ಮನಸ್ಸು ನಿಜಕ್ಕೂ ಹಗುರಾಯಿತು. ಅಂಥ ಗಾಲಿ ಕುರುಡನ ಕೈಗೂ ಸಿಕ್ಕಿಬೀಳುವಂಥದ್ದು. ಅದು ಪಾಸಾಗುವ ಮಾತೇ ಇರಲಿಲ್ಲ.

ಮಧ್ಯಾಹ್ನ ಗಂಡ ಬಂದು ಊಟಕ್ಕೆ ಕೂತಿದ್ದರು. ನಾನು ರೊಟ್ಟಿ ಬಡಿಸುತ್ತಿದ್ದೆ. ಫೋನು ಹೊಡೆಯಿತು, ತಮ್ಮನದು. ಜಗಳದ ನಂತರ ಮೊದಲ ಸಲ. ಬೈಯಲು ಮಾಡಿದ್ದಾನೆ ಎಂದುಕೊಂಡು, ಬೈಯಲಿ ಪಾಪ ಎಂದುಕೊಂಡೇ ಎತ್ತಿದೆ.

"ಅಕ್ಕಾ! ಪಾಸ್!"

"ಏನು?"

"ಪಾಸ್ ಆತ! ನನ್ನ ಗಾಲಿ ಮ್ಯಾಲೇ ಹೋಗಿದ್ದೆ. ಹೆದರಿ ಸತ್ತಿದ್ದೆ ಅಕ್ಕಾ, ಮೈದಾನದಾಗ ಗಾಡಿ ನೂಕ್ಕೋತ ಹೋದೆ. ಸಾಹೇಬ್ರು ಕುರ್ಚಿ ಬಿಟ್ಟು ಏಳಲಿಲ್ಲ. ಯಾವ ಮಾಡೆಲ್ ಅಂತ ಕೇಳಿದ್ರು. ಹೇಳ್ದೆ. ‘ಓ ಇದಾ? ಇದು ಫೇಲಾಗಿದ್ದು ನಾ ಬಂದಾಗಿಂದ ನೋಡೇ ಇಲ್ಲ, ಏನ್ ನೋಡೋದು’ ಅಂದ್ರು. ಸಹಿ ಹಾಕಿದ್ರು! ಐದು ವರ್ಷ!"

ಕೈಯಲ್ಲಿದ್ದ ರೊಟ್ಟಿ ಎಲ್ಲಿ ಬಿತ್ತೋ. ಗಾಲಿಯನ್ನು ನಾನು ಬೀಗದೊಳಗೆ ಹಾಕಿದ್ದೆ, ಅದು ಗಳಿಸಿಟ್ಟ ಹೆಸರು ಹೊರಗೇ ಓಡಾಡಿಕೊಂಡಿತ್ತು. ನೋಡಬೇಕಾದವರೂ ಅದೇ ಹೆಸರು ಕೇಳಿ ಕಣ್ಣು ಮುಚ್ಚಿದ್ದರು. ನನ್ನ ಗಂಡನಿಗೆ ಫೋನಿನ ಮಾತು ಕೇಳಿಸಿತ್ತು. ತುತ್ತು ಬಾಯಲ್ಲಿಟ್ಟುಕೊಂಡೇ ಮುಖ ಅರಳಿಸಿ, "ನಾ ಹೇಳಿರಲಿಲ್ಲೇನು? ಈ ಮಾಡೆಲ್ ಫೇಲಾಗಂಗಿಲ್ಲ," ಎಂದರು.

"ತಮ್ಮಾ," ಎಂದೆ. "ಎಲ್ಲಿದ್ದೀ ನೀ?"

"ಮೈದಾನದ ಹೊರಗ ನಿಂತೀನಿ. ಅರಬೈಲ್ ಕೆಳಗ ಒಂದ್ ಮದುವಿ ಮನಿ ಒಲಿ ಕೆಟ್ಟೈತಂತ, ಹಂಗೇ ಇಳದ ಹೊಕ್ಕೀನಿ."

"ಬ್ಯಾಡ. ನನ್ನಪ್ಪಾ, ಅಲ್ಲೇ ನಿಲ್ಲು. ಒಂದ್ ಹೆಜ್ಜಿ ಮುಂದ ಇಡಬ್ಯಾಡ. ನಿಮ್ಮ ಭಾವನ ಗಾಡಿ ಗಾಲಿ ಈಗ ಬಿಚ್ಚಸ್ತೀನಿ. ನಾನೇ ಬಸ್ಸಿಗೆ ತರ್ತೀನಿ. ನೀನೇ ಹಾಕ್ಕೋ, ತಿರುಗಿ ಕೊಡೂದ ಬ್ಯಾಡ."

ಅವನು ನಕ್ಕ. ಸಿಟ್ಟೆಲ್ಲ ಇಳಿದು, ಅಕ್ಕನನ್ನು ಕ್ಷಮಿಸಿದ ತಮ್ಮನ ನಗು ಅದು. ಅದರ ಹಿಂದೆ ಅವನು ಕಿಕ್ ಹೊಡೆದ ಸದ್ದು, ಗಾಡಿ ಶುರುವಾದ ಸದ್ದು ಕೇಳಿಸಿತು.

"ಈಗ್ಯಾಕ ಬೇಕ ಅಕ್ಕಾ?" ಎಂದ. "ಪಾಸಾತಲ್ಲ."